ಅವ್ವನ ಬೋರಮಾಳ ಬ್ಯಾಂಕಿನಾಗ ಅದ!

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಗಿರವಿ ಒಡವೆಗಳ ಕಥೆ-ವ್ಯಥೆ

ಮಿರಗದ ಮಳೆ ಒಂದು ಹದ ಬಿತ್ತೆಂದರೆ ಸಾಕು, ಈ ಮೂರೂ ತಾಲೂಕುಗಳಲ್ಲಿ ಎರಡು ಕಡೆ ಪಾಳಿ ಹಚ್ಚುತ್ತದೆ. ಒಂದು ಬೀಜ-ಗೊಬ್ಬರದ ಅಂಗಡಿ. ಇನ್ನೊಂದು ಬಂಗಾರದ ಮೇಲೆ ಸಾಲ ಕೊಡುವ ಬ್ಯಾಂಕು, ಸೊಸೈಟಿ, ಫೈನಾನ್ಸು, ಇಲ್ಲವೇ ಸಾವಕಾರರ ಗಾದಿ. ಮೊದಲನೆಯ ಪಾಳಿಯಲ್ಲಿ ಗಂಡಸರೇ ಹೆಚ್ಚು. ಎರಡನೆಯದರಲ್ಲಿ ಗಂಡನ ಹಿಂದೆ ಒಂದು ಹೆಜ್ಜೆ ಬಿಟ್ಟು, ಸೆರಗಿನೊಳಗೆ ಕೈಚೀಲ ಅವುಚಿಕೊಂಡು ನಿಂತ ಹೆಣ್ಣುಮಕ್ಕಳು. ಚೀಲದೊಳಗೆ ಒಂದು ದಸ್ತಿ, ದಸ್ತಿಯೊಳಗೆ ಗಂಟು, ಗಂಟಿನೊಳಗೆ ಅವ್ವನ ಬೋರಮಾಳ.

ಒಡವೆಗೂ ಒಂದು ಋತುಮಾನ ಇದೆ ಎಂದರೆ ಪ್ಯಾಟಿ ಮಂದಿ ನಕ್ಕಾರು. ಆದರೆ ನಮ್ಮ ಕಡೆ ಇದೆ. ತೊಗರಿ ಬಿತ್ತುವುದು ಜೂನ್-ಜುಲೈ, ರಾಶಿ ಆಗುವುದು ಡಿಸೆಂಬರ್-ಜನವರಿ. ಬಿತ್ತುವಾಗ ಒಳಗೆ ಹೋದ ಸರ, ತೊಗರಿ ಮಾರಿ ರೊಕ್ಕ ಕೈಗೆ ಬಂದ ಮೇಲೆ ಹೊರಗೆ ಬರಬೇಕು. ಬಂದರೆ ಯುಗಾದಿ ನಂತರದ ಲಗ್ನಗಳಲ್ಲಿ ಎರಡು ತಿಂಗಳು ಕೊರಳಲ್ಲಿ ಕುಣಿಯುತ್ತದೆ. ಮತ್ತೆ ಮಿರಗ, ಮತ್ತೆ ದಸ್ತಿ, ಮತ್ತೆ ಪಾಳಿ. ಪಂಚಮಿಗೆ ತವರಿಗೆ ಹೋಗುವಾಗ ಇಲ್ಲ, ದೀಪಾವಳಿಗೆ ಇಲ್ಲ. ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೊಸ ಸೀರೆ ಉಟ್ಟು ಬಂಡಿ ಏರಿದರೂ ಕೊರಳಲ್ಲಿ ಇರುವುದು ಗಿಲೀಟಿನ ಸರ. ಆ ಹೊಲದ ಬೆಳೆಗಾಗಿಯೇ ಬಂಗಾರದ್ದು ತಿಜೋರಿಯಲ್ಲಿ ಕೂತಿದೆ!

ಅಂದಹಾಗೆ, 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ. ಆಳಂದದಿಂದ ಕಲಬುರಗಿಯ ಸರಾಫ್ ಬಜಾರಕ್ಕೆ ಒಡವೆ ಇಡಲು ಹೋಗುವುದು ಪುಕ್ಕಟೆ. ಬಿಡಿಸಲು ಹೋಗುವುದೂ ಪುಕ್ಕಟೆಯೇ. ಮಧ್ಯದ ಬಡ್ಡಿ ಮಾತ್ರ ಪುಕ್ಕಟೆಯಲ್ಲ.

ಭೀಮೆಯ ದಂಡೆಯಲ್ಲಿ ನಡೆದದ್ದು

ಗಿರವಿ ಇಟ್ಟ ಒಡವೆ ಭದ್ರ ಎಂಬ ನಂಬಿಕೆಗೆ 2025ನೇ ಇಸವಿ ಎರಡು ಪೆಟ್ಟು ಕೊಟ್ಟಿತು. ಎರಡೂ ಪಕ್ಕದ ವಿಜಯಪುರ ಜಿಲ್ಲೆಯಲ್ಲಿ. ಮೇ ತಿಂಗಳಲ್ಲಿ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೋ ಬಂಗಾರ ಕಳುವಾಯಿತು. ಜನರ ಒಡವೆ ಕಾಯಬೇಕಾಗಿದ್ದ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕನನ್ನೇ ಪೊಲೀಸರು ಜೂನ್‌ನಲ್ಲಿ ಬಂಧಿಸಿದಾಗ ಮಂದಿ ಬಾಯಿ ಮೇಲೆ ಕೈ ಇಟ್ಟರು. ಸೆಪ್ಟೆಂಬರ್ 16ರ ಸಂಜೆ ಭೀಮಾ ತೀರದ ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿ, ಸಿಬ್ಬಂದಿಯ ಕೈಕಾಲು ಕಟ್ಟಿ, ಸುಮಾರು 20 ಕಿಲೋ ಬಂಗಾರ ಮತ್ತು ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟ ನಗದು ಹೊತ್ತೊಯ್ದರು. ಅದರಲ್ಲಿ ಒಂದಿಷ್ಟು ಮಾಲು ಮಹಾರಾಷ್ಟ್ರದ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ, ಹಾಳುಬಿದ್ದ ಮನೆಯ ಮಾಳಿಗೆ ಮೇಲೆ ಚೀಲದಲ್ಲಿ ಸಿಕ್ಕಿತು.

ಇದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲಿ, ದಾವಣಗೆರೆ ಜಿಲ್ಲೆ ನ್ಯಾಮತಿಯ ಸ್ಟೇಟ್ ಬ್ಯಾಂಕಿನಿಂದ 17 ಕಿಲೋಗೂ ಹೆಚ್ಚು ಬಂಗಾರ ಹೋಗಿತ್ತು. ಐದು ತಿಂಗಳ ಮೇಲೆ, 2025ರ ಮಾರ್ಚ್‌ನಲ್ಲಿ, ಅದರ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಪತ್ತೆಯಾಯಿತು. ಕರಗಿಸುವ ಮುಂಚೆ ಸಿಕ್ಕಿತು, ಪುಣ್ಯ. ಮನಗೂಳಿ ಪ್ರಕರಣದಲ್ಲಿ ವಶವಾದ ಮಾಲಿನಲ್ಲಿ ಕರಗಿಸಿದ ಗಟ್ಟಿಗಳೂ ಇದ್ದವು.

ಇಲ್ಲೇ ಇದೆ ನೋಡಿ ಕಥೆಯ ಗಂಟು. ಗಟ್ಟಿಯಾದ ಬಂಗಾರ ತೂಕದಲ್ಲಿ ಒಂದು ಗುಂಜಿ ಕಡಿಮೆಯಾಗಿರಲಿಕ್ಕಿಲ್ಲ. ಬ್ಯಾಂಕು ಲೆಕ್ಕ ಹಾಕಿ ರೊಕ್ಕ ಕೊಟ್ಟರೆ ಕಾಗದದ ಮೇಲೆ ಯಾರಿಗೂ ಲುಕ್ಸಾನು ಇಲ್ಲ. ಆದರೂ ಇಂಥ ಸುದ್ದಿ ಬಂದ ಮರುದಿನ ಬ್ಯಾಂಕಿನ ಬಾಗಿಲಿಗೆ ಓಡುವ ಹೆಣ್ಣುಮಕ್ಕಳು ಕೇಳುವುದು ಎಷ್ಟು ಗ್ರಾಮಿಗೆ ಎಷ್ಟು ರೂಪಾಯಿ ಎಂದಲ್ಲ. ನಂದ ಅದನೋ ಇಲ್ಲೋ? ಇಷ್ಟೇ. ರೊಕ್ಕದಿಂದ ಹೊಸದು ಮಾಡಿಸಬಹುದು, ಅದೇ ಹಳೆಯದನ್ನು ಮಾಡಿಸಲು ಯಾವ ಪತ್ತಾರನಿಂದಲೂ ಆಗದು.

ಅರಗಿನ ಲೆಕ್ಕ, ಕರುಳಿನ ಲೆಕ್ಕ

ಬೋರಮಾಳ ಎಂದರೆ ಬೋರಿಹಣ್ಣಿನ ಆಕಾರದ ಗುಂಡುಗಳ ಸರ. ಹಳೆಯ ಬೋರಮಾಳದ ಗುಂಡು ಮೇಲೆ ಬಂಗಾರದ ತೆಳು ತಗಡು, ಒಳಗೆ ಅರಗು. ನೋಡಲು ತುಂಬಿದ ಕೊರಳು, ತಕ್ಕಡಿಗೆ ಹಾಕಿದರೆ ಅರ್ಧ ಮಾತು. ಉದಾಹರಣೆಗೆ 25 ಗ್ರಾಮು ತೂಗಿದ ಸರದಲ್ಲಿ ಅರಗು, ದಾರ, ಕೊಂಡಿ ಕಳೆದು ನಿವ್ವಳ 15 ಗ್ರಾಮು ಎಂದು ಬರೆದರೆ ಬರೆದವನ ತಪ್ಪೇನೂ ಅಲ್ಲ. ಹರಳು ಕೂಡಿಸಿದ ಝುಮಕಿ, ಮುತ್ತಿನ ನತ್ತು ಎಲ್ಲದರದ್ದೂ ಇದೇ ಹಣೆಬರಹ. ಮಜೂರಿ ಅಂತೂ ಬಿಲ್‌ಕುಲ್ ಹಿಡಿಯುವುದಿಲ್ಲ.

ಈಗ ಮಾಲಕಿಯ ಲೆಕ್ಕ ಕೇಳಿ. ಆ 10 ಗ್ರಾಮು ಅರಗು ಆಕೆಗೆ ಕಸವಲ್ಲ. ಅಜ್ಜಿ ಅದನ್ನು ಹಾಕಿಕೊಂಡು ರೊಟ್ಟಿ ಬಡಿದಿದ್ದಾಳೆ, ಒಂದು ಗುಂಡು ಒಲೆಯ ಕಾವಿಗೆ ಸೊಟ್ಟಗಾಗಿದೆ. ಆ ಸೊಟ್ಟ ಗುಂಡೇ ಗುರುತು. ಪಾಟ್ಲಿಯ ಒಳಮೈ ಸವೆದದ್ದು ಅತ್ತೆಯ ಕೈ ಬಳಸಿ ಬಳಸಿ. ಪುತಳಿ ಸರದಲ್ಲಿ ಎರಡು ನಾಣ್ಯ ಕಡಿಮೆ ಇದ್ದರೆ ಅವು ದೊಡ್ಡ ಮಗಳ ಬಾಣಂತನಕ್ಕೆ ಹೋದವು. ಸರಾಫನ ಕಣ್ಣಿಗೆ ಸವಕಳಿ, ಮನೆಯವರ ಕಣ್ಣಿಗೆ ವಂಶಾವಳಿ. ನಮ್ಮ ಕಡೆ ಬರೆದಿಟ್ಟ ಇತಿಹಾಸ ಎಷ್ಟು ಮನೆಯಲ್ಲಿದೆ? ಟ್ರಂಕಿನಲ್ಲಿದೆ, ಹಳದಿ ಕಾಗದದಲ್ಲಿ ಸುತ್ತಿ.

ಬಂಗಾರವೇ ಆಗಬೇಕೆಂದೇನೂ ಇಲ್ಲ. ಲಿಂಗವಂತರ ಮನೆಯಲ್ಲಿ ಅಜ್ಜನ ಬೆಳ್ಳಿ ಕರಡಿಗೆ ಮೊಮ್ಮಗನ ಕೊರಳಿಗೆ ಬರುತ್ತದೆ. ಅದು ಗಿರವಿಗೆ ಬಂತೆಂದರೆ ಆ ಮನೆಗೆ ಎಂಥ ಕಷ್ಟ ಬಂದಿದೆ ಎಂದು ಸಾವಕಾರನಿಗೆ ಕೇಳದೆಯೇ ತಿಳಿಯುತ್ತಿತ್ತು. ಮುಸಲ್ಮಾನರ ಮನೆಯಲ್ಲಿ ಕರಿಮಣಿಯ ಲಚ್ಛಾ ಇದೆ. ಅದರಲ್ಲಿ ಬಂಗಾರ ಇರುವುದು ಅಷ್ಟಕ್ಕಷ್ಟೇ, ಆದರೆ ಕೊರಳಿನಿಂದ ತೆಗೆಯುವ ಮಾತೇ ಇಲ್ಲ. ಆಳಂದದ ತಾಂಡಾಗಳಲ್ಲಿ ಲಂಬಾಣಿ ಮುದುಕಿಯರ ಕೂದಲಿಗೆ ತೂಗುವ ಘುಗರಿ-ಟೋಪ್ಲಿ ಮುತ್ತೈದೆತನದ ಗುರುತು. ಸೊಸೆಯಂದಿರು ಅದನ್ನು ಹಾಕುವುದು ಬಿಟ್ಟು ಬಹಳ ದಿನವಾಯಿತು. ಪುಣೆ-ಮುಂಬೈಗೆ ಕೂಲಿಗೆ ಹೋದಲ್ಲಿ ಅದನ್ನು ಹಾಕಿಕೊಂಡು ಕಲ್ಲು ಹೊರಲಾದೀತೇ? ಹೀಗಾಗಿ ಅದು ಪೆಟ್ಟಿಗೆ ಸೇರಿತು. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ದಾಟಿದ ಮೇಲೆ ಪೆಟ್ಟಿಗೆಯಿಂದ ಮೂಸೆಗೆ ಹೋಗುವ ಭಯ ಹುಟ್ಟಿದೆ.

ಕೆಲವರ ಟ್ರಂಕಿನಲ್ಲಿ ಚಾರಮಿನಾರ್ ಚಿತ್ರದ ಹಾಲಿ ಸಿಕ್ಕಾ ರೂಪಾಯಿಗೆ ಕೊಂಡಿ ಹಚ್ಚಿದ ಸರವೂ ಸಿಗುತ್ತದೆ. ನಿಜಾಮ ಸರಕಾರದ ಈ ಸಿಕ್ಕಾ ಏಳು ಕೊಟ್ಟರೆ ಇಂಗ್ರೇಜಿ ರೂಪಾಯಿ ಆರು ಬರುತ್ತಿತ್ತು. 1959ರಲ್ಲಿ ಅದರ ಚಲಾವಣೆ ನಿಂತಿತು. ಬಜಾರದಲ್ಲಿ ನಿಂತ ನಾಣ್ಯ ಕೊರಳಲ್ಲಿ ನಿಲ್ಲಲಿಲ್ಲ.

ನಿಜಾಮ ಎಂದಕೂಡಲೆ ಇದೊಂದು ಮಾತು ಹೇಳಲೇಬೇಕು. ಈ ಮೂರೂ ತಾಲೂಕು 1948ರ ಸೆಪ್ಟೆಂಬರ್‌ವರೆಗೆ ಯಾರ ರಾಜ್ಯದಲ್ಲಿ ಇದ್ದವೋ ಆ ನಿಜಾಮನ ಹತ್ತಿರ ಜೇಕಬ್ ವಜ್ರ ಇತ್ತು, 184 ಕ್ಯಾರೆಟ್ಟಿಗೂ ಹೆಚ್ಚು. ಅಪ್ಪನ ಬೂಟಿನೊಳಗೆ ಸಿಕ್ಕ ಆ ವಜ್ರವನ್ನು ಕಡೆಯ ನಿಜಾಮ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಲು ಇಟ್ಟುಕೊಂಡಿದ್ದನೆಂದು ಪ್ರತೀತಿ! ಆ ವಜ್ರವೂ ಸೇರಿ 173 ಒಡವೆಗಳನ್ನು ಭಾರತ ಸರಕಾರ 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡು ರಿಜರ್ವ್ ಬ್ಯಾಂಕಿನ ತಿಜೋರಿಯಲ್ಲಿ ಇಟ್ಟಿತು. ಅವನ್ನು ನೆನೆದು ರಾತ್ರಿ ನಿದ್ದೆಗೆಟ್ಟವರು ಎಷ್ಟು ಮಂದಿಯೋ ಹೇಳಲಾಗದು. ನೆಲೋಗಿ ಕಡೆಯ ಒಂದು ಮನೆಯಲ್ಲಿ ಒಂದೂವರೆ ತೊಲೆಯ ಸರಕ್ಕಾಗಿ ನಿದ್ದೆಗೆಡುವವರು ಮಾತ್ರ ಖಂಡಿತ ಇದ್ದಾರೆ.

ಟ್ರಂಕು ಕಂಡ ಕಾಲಗಳು

ಇಂದಿನ ಟ್ರಂಕಿನಲ್ಲಿ ಉಳಿದದ್ದು ಸುಮ್ಮನೆ ಉಳಿದದ್ದಲ್ಲ. ರಜಾಕಾರರ ಗದ್ದಲದಲ್ಲಿ ಗಡಿ ದಾಟಿ ಸೋಲಾಪುರ, ವಿಜಾಪುರ ಸೀಮೆಗೆ ಹೋದ ಕುಟುಂಬಗಳು ಒಡವೆಯ ಗಂಟನ್ನು ಹಗೇವಿನಲ್ಲಿ, ದನದ ಕೊಟ್ಟಿಗೆಯಲ್ಲಿ ಹೂತು ಹೋದ ಕಥೆಯನ್ನು ಹಿರಿಯರು ಇನ್ನೂ ಹೇಳುವುದುಂಟು. ತಿರುಗಿ ಬಂದಾಗ ಕೆಲವರಿಗೆ ಸಿಕ್ಕಿತು, ಕೆಲವರಿಗೆ ಜಾಗವೇ ಮರೆತಿತ್ತು.

ಆಮೇಲೆ 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಬಂಗಾರ ನಿಯಂತ್ರಣ ಬಂತು. ಚೀನಾ ಯುದ್ಧದ ಮರುವರ್ಷ. 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಕೂಡದೆಂದು ಅಪ್ಪಣೆ. ಅಗ್ಗಿಷ್ಟಿಕೆ ಆರಿ ಎಷ್ಟೋ ಪತ್ತಾರರು ಬೀದಿಗೆ ಬಿದ್ದರು. 14 ಕ್ಯಾರೆಟ್ಟಿನ ಕಟ್ಟಳೆ 1966ರಲ್ಲಿ ಸಡಿಲಾಯಿತು, 1968ರ ಕಾಯಿದೆ 1990ರ ತನಕ ಇತ್ತು. ಆ ದಿನಗಳಲ್ಲಿ ಹಳೆ ಒಡವೆ ಮುರಿಸಿ ಹೊಸದು ಮಾಡಿಸಲು ಮಂದಿ ಹೆದರಿದರು. ಅಜ್ಜಿಯ ಕಾಲದ ಸರ ಹಾಗೇ ಉಳಿಯಲು ಆ ಹೆದರಿಕೆಯೂ ಒಂದು ಕಾರಣವಾಗಿದ್ದರೆ ಆಶ್ಚರ್ಯವಿಲ್ಲ.

1972ರ ಬರ ಮಾತ್ರ ಯಾರನ್ನೂ ಬಿಡಲಿಲ್ಲ. ಜೋಳಕ್ಕಾಗಿ ಕಾಲ್ಕಡಗ, ಡಾಬು ಹೋದವು. ಮೊದಲು ಬೆಳ್ಳಿ, ಆಮೇಲೆ ಬಂಗಾರ, ಕಟ್ಟಕಡೆಗೆ ಗುಳದಾಳಿ. ಅದೇ ಕ್ರಮ 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್ ಹೊತ್ತಿನ ಭೀಮಾ ಹೊಳೆಯಲ್ಲೂ ಕಂಡಿತು. ಹೊಲ ಮುಳುಗಿತು, ತೊಗರಿ ಕೊಳೆಯಿತು. ಬಿಡಿಸಬೇಕಾಗಿದ್ದ ಸರದ ಬಡ್ಡಿ ಬೆಳೆಯಿತು. ಪರಿಹಾರದ ಪಟ್ಟಿಯಲ್ಲಿ ಹೊಲ, ಮನೆ, ದನ ಬರುತ್ತವೆ. ಬೆಳೆ ಹೋದದ್ದಕ್ಕೆ ಕೈತಪ್ಪಿದ ಒಡವೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಸರಕಾರ ಎರಡು ಸಲ ಗಿರವಿಯ ಬಾಗಿಲು ತಟ್ಟಿದ್ದುಂಟು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಬಂದ 1976ರ ಋಣ ಪರಿಹಾರ ಕಾಯಿದೆ ಸಣ್ಣ ರೈತ, ಭೂಹೀನ ಕೂಲಿ, ದುರ್ಬಲರ ಸಾಲ ತೀರಿತೆಂದು ಸಾರಿ, ಅಡವಿಟ್ಟ ವಸ್ತು ಮರಳಿಸಬೇಕೆಂದಿತು. ಎರಡನೆಯದು 2019ರ ಜುಲೈನಲ್ಲಿ, ಕುಮಾರಸ್ವಾಮಿ ಸರಕಾರ ಬೀಳುವ ಹೊತ್ತಿಗೇ ಜಾರಿಗೆ ಬಂದ 2018ರ ಕಾಯಿದೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲು 90 ದಿನ ಗಡುವು. ಬ್ಯಾಂಕು, ಸಹಕಾರ ಸಂಘಗಳ ಸಾಲಕ್ಕೆ ಅದು ಹತ್ತಲಿಲ್ಲ. ಸಾವಕಾರನ ಹತ್ತಿರ ಇಟ್ಟವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ರಶೀದಿಯೇ ಇಲ್ಲ, ಬಾಯಿಮಾತಿನ ವ್ಯವಹಾರ. ಮುಂದಿನ ಮಿರಗಕ್ಕೆ ಮತ್ತೆ ಅದೇ ಗಾದಿಗೆ ಹೋಗಬೇಕಲ್ಲ ಎಂಬ ಮುಲಾಜು ಬೇರೆ.

ಒಡವೆ ಯಾರದ್ದು?

ಹೆಣ್ಣಿಗೆ ಬಂಗಾರದ ಹುಚ್ಚು ಎಂದು ಕಟ್ಟೆಯ ಮೇಲೆ ಕೂತು ನಗುವವರು ಕೊಡಗಿನ ಗೌರಮ್ಮನವರ ಹೆಸರು ಕೇಳಿರಲಿಕ್ಕಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಈ ಕಥೆಗಾರ್ತಿ ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿ ಮಂಗಳಸೂತ್ರ, ಓಲೆ, ಮೂಗುತಿ ಮಾತ್ರ ಉಳಿಸಿಕೊಂಡರು. ಆಗ ಅವರಿಗೆ ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ತನ್ನ ಕೈಯಾರೆ ಕೊಟ್ಟರೆ ಆ ಮಾತೇ ಬೇರೆ. ತನ್ನನ್ನು ಕೇಳದೆ ಹೋದರೆ ಅದು ಬೇರೆ.

ನಮ್ಮಲ್ಲಿ ಕೇಳದೆ ಹೋಗುವುದೇ ಹೆಚ್ಚು. ತವರಿನವರು ಹಾಕಿದ ಒಡವೆ ಹೆಂಡತಿಯದ್ದು, ಗಿರವಿ ರಶೀದಿ ಗಂಡನ ಹೆಸರಿನದ್ದು. ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಕೇರಳದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ಇದನ್ನು ಮತ್ತೊಮ್ಮೆ ಬಿಡಿಸಿ ಹೇಳಿದೆ: ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನಿಗೆ ಅದರ ಮೇಲೆ ಅಧಿಕಾರ ಇಲ್ಲ, ಕಷ್ಟಕಾಲದಲ್ಲಿ ಬಳಸಿದರೂ ತಿರುಗಿ ಕೊಡುವ ಹೊಣೆ ಅವನದ್ದು. ಆಕೆಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಾಯಿತು. ಗಂಡ-ಹೆಂಡತಿ ಕೂಡಿ ನಿರ್ಧರಿಸಿ ಇಟ್ಟರೆ ಯಾರ ತಕರಾರೂ ಇಲ್ಲ, ಸಂಸಾರ ನಡೆಯುವುದೇ ಹಾಗೆ. ಆದರೆ ರಶೀದಿ ಆಕೆಯ ಹೆಸರಿನಲ್ಲೇ ಆಗಲಿ ಎಂದರೆ ಯಾರ ಗಂಟು ಹೋದೀತು?

ರಶೀದಿಯಲ್ಲಿ ಏನಿರಬೇಕು

ಬಂಗಾರದ ದರ 2025ರ ಏಪ್ರಿಲ್‌ನಲ್ಲಿ 10 ಗ್ರಾಮಿಗೆ ಒಂದು ಲಕ್ಷ ಮುಟ್ಟಿತು. ದರ ಏರಿದಷ್ಟೂ ಸಾಲ ಹೆಚ್ಚು ಸಿಗುತ್ತದೆ, ಖರೆ. ಸಾಲ ಹೆಚ್ಚಾದಷ್ಟೂ ಬಿಡಿಸುವುದು ದೂರ, ಇದೂ ಖರೆ. ಅದೇ ವರ್ಷ ಜೂನ್ 6ರಂದು ರಿಜರ್ವ್ ಬ್ಯಾಂಕು ಒಡವೆ ಸಾಲಕ್ಕೆ ಹೊಸ ನಿಯಮ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕೆಂದು ಬ್ಯಾಂಕು, ಫೈನಾನ್ಸುಗಳಿಗೆ ಹೇಳಿತು. ಮನೆಖರ್ಚಿನ ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಒಡವೆಯ ಬೆಲೆಯ ಶೇ. 85ರ ತನಕ, ಐದು ಲಕ್ಷದ ತನಕ ಶೇ. 80, ಅದರ ಮೇಲೆ ಶೇ. 75. ಇದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ, ಯಾಕೆಂದರೆ ಇದು ರೊಕ್ಕದ ಮಾತು. ಒಡವೆಯ ಮಾತು ಮಾತ್ರ ಓದಿದವರು ಕಡಿಮೆ.

ಒರೆ ಹಚ್ಚಿ ತೂಕ ಮಾಡುವಾಗ ಸಾಲಗಾರ ಎದುರಿಗೇ ಇರಬೇಕು. ಒಟ್ಟು ತೂಕ, ನಿವ್ವಳ ತೂಕ, ಹರಳು-ಅರಗು-ದಾರಕ್ಕೆ ಕಳೆದದ್ದೆಷ್ಟು, ಒಡಕು-ಮುರುಕು ಏನಿದೆ ಎಂಬುದನ್ನೆಲ್ಲ ಬರೆದ ಪತ್ರದ ಒಂದು ಪ್ರತಿ ಅವರ ಕೈಗೆ ಬರಬೇಕು. ಅರಗು ಎಂಬ ಮಾತು ನಿಯಮದಲ್ಲೇ ಇದೆ. ದಿಲ್ಲಿ-ಮುಂಬೈಯವರಿಗೂ ಬೋರಮಾಳ ಗೊತ್ತಿದೆ ಅನ್ನಿ! ಕರಾರು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದು ಬಾರದವರಿಗೆ ಬ್ಯಾಂಕಿನ ನೌಕರನಲ್ಲದ ಸಾಕ್ಷಿಯ ಎದುರು ಓದಿ ಹೇಳಬೇಕು. ಸಾಲ ಪೂರ್ತಿ ತೀರಿದ ದಿನವೇ ಒಡವೆ ಕೊಡಬೇಕು, ಬಹಳವಾದರೆ ಏಳು ಕೆಲಸದ ದಿನ. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ದಂಡ ಸಾಲಗಾರರಿಗೆ ಸಲ್ಲಬೇಕು. ಕಳೆದುಹೋದರೆ, ಕೆಟ್ಟುಹೋದರೆ ಪರಿಹಾರ ಕೊಡಬೇಕು.

ಗಿರವಿ ಬೇಡ, ಸುಮ್ಮನೆ ಲಾಕರಿನಲ್ಲಿ ಇಡೋಣ ಎನ್ನುವ ಅಂಗಡಿಕಾರ ಬಂಧುಗಳು ಇದನ್ನೂ ತಿಳಿದಿರಲಿ. 2022ರ ಜನವರಿ 1ರಿಂದ ಇರುವ ನಿಯಮದ ಪ್ರಕಾರ ಬೆಂಕಿ, ಕಳವು, ದರೋಡೆ, ನೌಕರರ ಮೋಸದಿಂದ ಲಾಕರಿನ ಮಾಲು ಹೋದರೆ ಬ್ಯಾಂಕು ಕೊಡಬೇಕಾದದ್ದು ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ಇದ್ದರೆ ಎರಡು ಲಕ್ಷ. ಒಳಗೆ ಇಪ್ಪತ್ತು ತೊಲೆ ಇರಲಿ, ಇನ್ನೂರು ತೊಲೆ ಇರಲಿ.

ಜಾಣರು ಮಾಡುವ ಒಂದು ಕೆಲಸ ಖರ್ಚಿಲ್ಲದ್ದು. ಇಡುವ ಮುಂಚೆ ಮೊಬೈಲಿನಲ್ಲಿ ಪ್ರತಿಯೊಂದು ಒಡವೆಯ ಫೋಟೋ, ಎದುರು ಒಂದು, ಬೆನ್ನು ಒಂದು. ಆ ಸೊಟ್ಟ ಗುಂಡು ಕಾಣುವಂತೆ. ನ್ಯಾಮತಿ, ಚಡಚಣದಂಥ ಕಡೆ ಮಾಲು ಸಿಕ್ಕಾಗ ಯಾವುದು ಯಾರದ್ದು ಎಂದು ಗುರುತು ಹಿಡಿಯಬೇಕಾಗುತ್ತದೆ. ಆಗ ಗ್ರಾಮಿನ ಲೆಕ್ಕದಿಂದ ಗುರುತು ಸಿಗುವುದಿಲ್ಲ, ಸೊಟ್ಟ ಗುಂಡಿನಿಂದ ಸಿಗುತ್ತದೆ. ಇನ್ನು, ಹಾಲ್‌ಮಾರ್ಕಿನ ಶಿಕ್ಕಾ ಇಲ್ಲದ ಹಳೆ ಒಡವೆ ಇನ್ನು ನಡೆಯುವುದಿಲ್ಲ, ಮುರಿಸಿಬಿಡಿ ಎಂದು ಹೆದರಿಸುವವರ ಮಾತಿಗೆ ಬೀಳಬೇಡಿ. 2021ರಿಂದ ಬಂದ ಶಿಕ್ಕಾದ ಕಡ್ಡಾಯ ಅಂಗಡಿಯವರು ಮಾರುವ ಮಾಲಿಗೆ. ಮನೆಯಲ್ಲಿರುವ ಅವ್ವನ ಸರಕ್ಕೆ ಅಲ್ಲ.

ಕೊನೆಯದು ಹರಾಜು. ಬಾಕಿ ಉಳಿದ ಒಡವೆಗಳ ಹರಾಜಿನ ನೋಟೀಸು ಪೇಪರಿನ ಹಿಂದಿನ ಪುಟದಲ್ಲಿ ಇರುವೆ ಸಾಲಿನಂತೆ ಬರುತ್ತದೆ. ಬಸ್ಸಿನಲ್ಲಿ ಕೂತವರು ಅದನ್ನು ಓದದೆ ಪುಟ ತಿರುವುತ್ತಾರೆ. ಅದರಲ್ಲಿ ಇರುವುದು ಸಾಲದ ನಂಬರು, ಹೆಸರು, ಊರು. ಬೋರಮಾಳ ಎಂದು ಎಲ್ಲೂ ಬರೆದಿರುವುದಿಲ್ಲ. ನಂಬರು ಅಲ್ಲಿ ಬಂದೊಡನೆ ಎಲ್ಲಾ ಮುಗಿಯಿತೆಂದು ಕೈಚೆಲ್ಲಿ ಕೂಡುವ ಮನೆಗಳು ಬಹಳ. ಮುಗಿದಿರುವುದಿಲ್ಲ. 1872ರ ಕರಾರು ಕಾಯಿದೆಯ 177ನೇ ಕಲಮು ಇನ್ನೂ ಜೀವಂತ ಇದೆ. ಗಡುವು ಮೀರಿದ್ದರೂ, ಮಾಲು ನಿಜವಾಗಿ ಮಾರಾಟವಾಗುವ ತನಕ, ಅಸಲು-ಬಡ್ಡಿಯ ಜೊತೆಗೆ ತಡವಾದದ್ದಕ್ಕೆ ಬಿದ್ದ ಖರ್ಚು ಕಟ್ಟಿ ಇಟ್ಟವರು ತಮ್ಮ ಒಡವೆ ಬಿಡಿಸಿಕೊಳ್ಳಬಹುದು. ಹರಾಜಿನ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೂ ಆದೀತು.